ಹಕ್ಕಿ ನೋಡದ ಕಡೆ ನೋಡಿ: ಒಂದೇ ಥರ ಕಾಣುವ ಚಿಟ್ಟೆಗಳನ್ನು ಗುರುತಿಸುವುದು ಹೇಗೆ?

ಕರಿಬೇವಿನ ಗಿಡದ ಸುತ್ತ ಕಪ್ಪು ಚಿಟ್ಟೆಯೊಂದು ಸುಳಿದಾಡುತ್ತಿದೆ ಅಂದುಕೊಳ್ಳಿ. ಮುಂದಿನ ರೆಕ್ಕೆಯಲ್ಲಿ ಬಿಳಿ ಪಟ್ಟೆ, ಹಿಂದಿನ ರೆಕ್ಕೆಯಲ್ಲಿ ಕೆಂಪು ಚುಕ್ಕೆಗಳ ಸಾಲು. ಎಳೆ ಎಲೆಯ ಮೇಲೆ ಕೂತು, ಹೊಟ್ಟೆ ಬಗ್ಗಿಸಿ, ಒಂದೇ ಒಂದು ಮೊಟ್ಟೆ ಇಟ್ಟು ಹಾರಿಹೋಗುತ್ತದೆ. ಪುಸ್ತಕದ ಚಿತ್ರಗಳ ಜೊತೆ ಹೋಲಿಸಿದರೆ ಅದು ಕ್ರಿಮ್ಸನ್ ರೋಸ್ ಅಂತಲೇ ಅನ್ನಿಸುತ್ತದೆ. ಆದರೆ ಕ್ರಿಮ್ಸನ್ ರೋಸ್ ಕರಿಬೇವಿನ ಮೇಲೆ ಮೊಟ್ಟೆ ಇಡುವ ಚಿಟ್ಟೆಯೇ ಅಲ್ಲ. ಅದಕ್ಕೆ ಈಶ್ವರಿ ಬಳ್ಳಿಯ ಜಾತಿಯ ಗಿಡವೇ ಆಗಬೇಕು. ಕರಿಬೇವಿಗೆ ಬಂದಿದ್ದು ಕಾಮನ್ ಮಾರ್ಮನ್ ಎಂಬ ಬೇರೆಯೇ ಚಿಟ್ಟೆಯ ಹೆಣ್ಣು. ಕ್ರಿಮ್ಸನ್ ರೋಸ್‌ನ ವೇಷ ಹಾಕಿಕೊಂಡಿದೆ, ಅಷ್ಟೇ.

ಚಿಟ್ಟೆಯ ಹೆಸರು ತಿಳಿಯಬೇಕೆಂಬ ಆಸೆ ಈಗ ತುಂಬ ಜನರಿಗೆ ಬಂದಿದೆ. ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುವ ಫೋನ್ ಇದೆ. ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ತಾಣಗಳಿಗೆ ಯಾರು ಬೇಕಾದರೂ ಫೋಟೊ ಹಾಕಬಹುದು. 2020ರಲ್ಲಿ ಶುರುವಾದ ‘ಬಿಗ್ ಬಟರ್‌ಫ್ಲೈ ಮಂತ್’ ಅಭಿಯಾನದಿಂದಾಗಿ ಸೆಪ್ಟೆಂಬರ್ ತಿಂಗಳು ಚಿಟ್ಟೆ ಎಣಿಸುವ ಕಾಲವೂ ಆಗಿದೆ. ಯಾವ ಚಿಟ್ಟೆ ಎಲ್ಲಿ, ಯಾವಾಗ ಕಂಡಿತು ಎಂಬ ಈ ದಾಖಲೆಗಳು ಉಪಯೋಗಕ್ಕೆ ಬರಬೇಕಾದರೆ ಹೆಸರು ಸರಿ ಇರಬೇಕಲ್ವಾ? ತೋಟ ಮಾಡುವವರಿಗೆ ಇನ್ನೊಂದು ಕಾರಣವೂ ಇದೆ. ಹೆಸರು ತಪ್ಪಿದರೆ ಆ ಚಿಟ್ಟೆಗೆಂದು ನೆಡುವ ಗಿಡವೂ ತಪ್ಪುತ್ತದೆ.

ಭಾರತದಲ್ಲಿ 1,300ಕ್ಕೂ ಹೆಚ್ಚು ಜಾತಿಯ ಚಿಟ್ಟೆಗಳಿವೆ. ಪಶ್ಚಿಮ ಘಟ್ಟ ಒಂದರಲ್ಲೇ 330ಕ್ಕಿಂತ ಜಾಸ್ತಿ. ಅಷ್ಟನ್ನೂ ಕಲಿಯುವ ಅಗತ್ಯವಿಲ್ಲ. ದಕ್ಷಿಣ ಭಾರತದ ಕೈತೋಟಗಳಲ್ಲಿ ನಮ್ಮನ್ನು ಪದೇ ಪದೇ ಗೊಂದಲಕ್ಕೆ ತಳ್ಳುವ ಚಿಟ್ಟೆಗಳು ಬೆರಳೆಣಿಕೆಯಷ್ಟು. ಅವನ್ನು ಬೇರೆ ಮಾಡುವ ಗುರುತುಗಳೂ ಸರಳ. ಎಲ್ಲಿ ನೋಡಬೇಕು ಅನ್ನುವುದು ಗೊತ್ತಿರಬೇಕು.

ಮೊದಲು ಚಿಟ್ಟೆಯ ಮೈ

ಚಿಟ್ಟೆಗೆ ನಾಲ್ಕು ರೆಕ್ಕೆ. ಮುಂದಿನವು ಎರಡು, ಹಿಂದಿನವು ಎರಡು. ಒಂದೊಂದಕ್ಕೂ ಮೇಲ್ಮೈ, ಅಡಿಮೈ ಎಂದು ಎರಡು ಮುಖ. ರೆಕ್ಕೆ ಬಿಚ್ಚಿ ಕೂತರೆ ಕಾಣುವುದು ಮೇಲ್ಮೈ. ಮಡಚಿ ಕೂತರೆ ಕಾಣುವುದು ಅಡಿಮೈ. ಎಷ್ಟೋ ಚಿಟ್ಟೆಗಳಲ್ಲಿ ಈ ಎರಡಕ್ಕೂ ಸಂಬಂಧವೇ ಇಲ್ಲವೇನೋ ಅನ್ನುವಷ್ಟು ವ್ಯತ್ಯಾಸವಿರುತ್ತದೆ. ರೆಕ್ಕೆಯ ಬಣ್ಣವೆಲ್ಲ ಸಣ್ಣ ಸಣ್ಣ ಹುರುಪೆಗಳದ್ದು. ಚಿಟ್ಟೆ ಹಿಡಿದಾಗ ಬೆರಳಿಗೆ ಅಂಟುವ ಪುಡಿ ಅದೇ. ಉದುರಿದರೆ ಮತ್ತೆ ಬೆಳೆಯುವುದಿಲ್ಲ.

ಮೈಯಲ್ಲಿ ಮೂರು ಭಾಗ: ತಲೆ, ಎದೆ, ಹೊಟ್ಟೆ. ತಲೆಯ ಮೇಲೆ ಎರಡು ಮೀಸೆ. ಎದೆಗೆ ಅಂಟಿಕೊಂಡಂತೆ ಆರು ಕಾಲು. ಆದರೆ ಒಂದು ದೊಡ್ಡ ಕುಟುಂಬದ ಚಿಟ್ಟೆಗಳಲ್ಲಿ ಮುಂದಿನ ಎರಡು ಕಾಲು ತೀರಾ ಚಿಕ್ಕದಾಗಿ, ಎದೆಗೆ ಒತ್ತಿಕೊಂಡಿರುತ್ತವೆ. ಅವು ನಡೆಯುವುದಕ್ಕಾಗಲೀ ಕೂರುವುದಕ್ಕಾಗಲೀ ಬಳಕೆಯಾಗುವುದಿಲ್ಲ. ನೋಡುವವರಿಗೆ ಆ ಚಿಟ್ಟೆಗಳು ನಾಲ್ಕೇ ಕಾಲಿನವು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ವಿಷಯ. ಹೂವಿನ ಮಕರಂದ ಹೀರುವಾಗ ಚಿಟ್ಟೆಗೆ ಅಂಥ ಹಟವೇನೂ ಇಲ್ಲ, ಸಿಕ್ಕ ಹೂವಿಗೆಲ್ಲ ಹೋಗುತ್ತದೆ. ಮೊಟ್ಟೆ ಇಡುವಾಗ ಮಾತ್ರ ಹಾಗಲ್ಲ. ಅದರ ಮರಿಹುಳು ತಿನ್ನುವ ಎಲೆ ಕೆಲವೇ ಗಿಡಗಳದ್ದು, ಕೆಲವು ಚಿಟ್ಟೆಗಳಲ್ಲಿ ಒಂದೇ ಗುಂಪಿನ ಗಿಡದ್ದು. ಹಾಗಾಗಿ ಚಿಟ್ಟೆ ಎಲ್ಲಿ ಮೊಟ್ಟೆ ಇಡುತ್ತಿದೆ ಅನ್ನುವುದು ರೆಕ್ಕೆಯ ಬಣ್ಣಕ್ಕಿಂತ ನಂಬಿಕಸ್ತ ಗುರುತು.

ಇಷ್ಟೊಂದು ಹೋಲಿಕೆ ಯಾಕೆ?

ಎಕ್ಕದ ಗಿಡದ ಎಲೆ ಮುರಿದರೆ ಬಿಳಿ ಹಾಲು ಬರುತ್ತದೆ. ಅದರಲ್ಲಿ ಹೃದಯದ ಬಡಿತವನ್ನು ಏರುಪೇರು ಮಾಡುವ ವಿಷವಿದೆ. ಪ್ಲೇನ್ ಟೈಗರ್ ಚಿಟ್ಟೆಯ ಮರಿಹುಳು ಇದೇ ಎಲೆ ತಿಂದು ಬೆಳೆಯುತ್ತದೆ. ಹುಳುವಿಗೆ ಏನೂ ಆಗುವುದಿಲ್ಲ. ಬದಲಿಗೆ ವಿಷ ಅದರ ಮೈಯಲ್ಲಿ ಉಳಿದು, ಚಿಟ್ಟೆಯಾದ ಮೇಲೂ ಜೊತೆಗಿರುತ್ತದೆ. ಇಂಥ ಚಿಟ್ಟೆ ತಿಂದ ಹಕ್ಕಿಗೆ ಏನಾಗುತ್ತದೆ? ಅಮೆರಿಕದ ವಿಜ್ಞಾನಿ ಲಿಂಕನ್ ಬ್ರೋವರ್ 1960ರ ದಶಕದಲ್ಲಿ ಇದನ್ನು ಪರೀಕ್ಷಿಸಿದರು. ಅದೇ ಟೈಗರ್ ಬಳಗಕ್ಕೆ ಸೇರಿದ ಮೊನಾರ್ಕ್ ಚಿಟ್ಟೆಯನ್ನು ಬ್ಲೂ ಜೇ ಎಂಬ ಹಕ್ಕಿಗೆ ತಿನ್ನಿಸಿದರು. ಹಕ್ಕಿ ಸ್ವಲ್ಪ ಹೊತ್ತಿನಲ್ಲೇ ವಾಂತಿ ಮಾಡಿಕೊಂಡಿತು. ಆಮೇಲೆ ಆ ಚಿಟ್ಟೆಯನ್ನು ಕೊಟ್ಟರೂ ಮುಟ್ಟಲಿಲ್ಲ. ವಿಷವಿಲ್ಲದ ಎಲೆ ತಿನ್ನಿಸಿ ಬೆಳೆಸಿದ ಮೊನಾರ್ಕ್ ತಿಂದ ಹಕ್ಕಿಗೆ ಏನೂ ಆಗಲಿಲ್ಲ.

ಅಂದರೆ ಹಕ್ಕಿ ಬಣ್ಣವನ್ನು ನೆನಪಿಟ್ಟುಕೊಳ್ಳುತ್ತದೆ. ಇಲ್ಲಿಂದಲೇ ನಕಲು ಶುರು. ವಿಷವಿಲ್ಲದ ಚಿಟ್ಟೆಯೊಂದು ಆಕಸ್ಮಿಕವಾಗಿ ಸ್ವಲ್ಪ ಆ ಬಣ್ಣಕ್ಕೆ ಹತ್ತಿರವಿದ್ದರೆ ಹಕ್ಕಿ ಅನುಮಾನಿಸಿ ಬಿಟ್ಟುಬಿಡುತ್ತದೆ. ಬದುಕಿದ ಚಿಟ್ಟೆ ಮೊಟ್ಟೆ ಇಡುತ್ತದೆ. ಅದರ ಮಕ್ಕಳಲ್ಲಿ ಇನ್ನೂ ಹೆಚ್ಚು ಹೋಲುವುವು ಉಳಿಯುತ್ತವೆ. ಸಾವಿರಾರು ತಲೆಮಾರು ಹೀಗೇ ನಡೆದರೆ ಹೋಲಿಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಚಿಟ್ಟೆ ಬೇಕೆಂದು ಮಾಡುವುದು ಇದರಲ್ಲಿ ಏನೂ ಇಲ್ಲ.

ಇದನ್ನು ಮೊದಲು ವಿವರಿಸಿದವರು ಇಂಗ್ಲೆಂಡಿನ ಹೆನ್ರಿ ವಾಲ್ಟರ್ ಬೇಟ್ಸ್. ಅಮೆಜಾನ್ ಕಾಡಿನಲ್ಲಿ 11 ವರ್ಷ ಕಳೆದು ಬಂದ ಅವರು 1862ರಲ್ಲಿ ತಮ್ಮ ಲೇಖನ ಪ್ರಕಟಿಸಿದರು. ಅದಕ್ಕೇ ಇಂಥ ನಕಲಿಗೆ ಬೇಟ್ಸಿಯನ್ ಅನುಕರಣೆ ಎನ್ನುತ್ತಾರೆ. ಆಮೇಲೆ ಬ್ರೆಜಿಲ್‌ನಲ್ಲಿ ನೆಲೆಸಿದ್ದ ಜರ್ಮನ್ ಫ್ರಿಟ್ಜ್ ಮುಲ್ಲರ್ ಇನ್ನೊಂದು ಬಗೆಯನ್ನು ತೋರಿಸಿಕೊಟ್ಟರು. ಅದರಲ್ಲಿ ವಿಷವಿರುವ ಎರಡು ಚಿಟ್ಟೆಗಳೇ ಒಂದನ್ನೊಂದು ಹೋಲುತ್ತವೆ. ಅದು ಮುಲ್ಲೇರಿಯನ್ ಅನುಕರಣೆ.

ಗೇಟಿಗೆ ‘ನಾಯಿ ಇದೆ, ಎಚ್ಚರಿಕೆ’ ಅಂತ ಬೋರ್ಡ್ ಹಾಕಿದ ಮನೆಗಳನ್ನು ನೆನೆಸಿಕೊಂಡರೆ ಎರಡೂ ಅರ್ಥವಾಗುತ್ತವೆ. ನಾಯಿ ಇಲ್ಲದೆ ಸುಮ್ನೆ ಬೋರ್ಡ್ ಮಾತ್ರ ಹಾಕಿದ ಮನೆ ಬೇಟ್ಸ್ ಹೇಳಿದ ಬಗೆ. ನಾಯಿ ಇರುವ ಮನೆಗಳೆಲ್ಲ ಒಂದೇ ನಮೂನೆಯ ಬೋರ್ಡ್ ಹಾಕಿಕೊಂಡರೆ ಮುಲ್ಲರ್ ಹೇಳಿದ ಬಗೆ. ಒಂದು ಮನೆಯಲ್ಲಿ ಕಚ್ಚಿಸಿಕೊಂಡವನು ಆ ಬೋರ್ಡ್ ಇರುವ ಯಾವ ಗೇಟನ್ನೂ ತೆಗೆಯುವುದಿಲ್ಲ. ಆದರೆ ನಾಯಿ ಇಲ್ಲದ ಮನೆಗಳೇ ಜಾಸ್ತಿಯಾದರೆ ಬೋರ್ಡಿಗೆ ಯಾರೂ ಹೆದರುವುದಿಲ್ಲ. ಚಿಟ್ಟೆಗಳಲ್ಲೂ ಹಾಗೇ. ನಕಲು ಅಸಲಿಗಿಂತ ಕಡಿಮೆ ಇರುವಷ್ಟು ದಿನ ಮಾತ್ರ ಅದರಿಂದ ಲಾಭ.

ನಮಗೆ ಬೇಕಾದ ಸೂತ್ರ ಇಲ್ಲೇ ಇದೆ. ಹಕ್ಕಿ ಚಿಟ್ಟೆಯನ್ನು ದೂರದಿಂದ, ಅರೆಗಳಿಗೆಯಲ್ಲಿ ನೋಡಿ ತೀರ್ಮಾನಿಸುತ್ತದೆ. ಹಾಗಾಗಿ ನಕಲಾಗಿರುವುದು ಹಕ್ಕಿಯ ಕಣ್ಣಿಗೆ ಬೀಳುವ ಭಾಗ. ಅಂದರೆ ರೆಕ್ಕೆಯ ಒಟ್ಟು ಬಣ್ಣ, ದೊಡ್ಡ ಪಟ್ಟೆ, ಹಾರುವ ಶೈಲಿ. ಹಕ್ಕಿ ಲೆಕ್ಕಕ್ಕೆ ಇಟ್ಟುಕೊಳ್ಳದ ಜಾಗಗಳಲ್ಲಿ, ಅಂದರೆ ಮೈಯ ಬಣ್ಣ, ಕಾಲಿನ ಸಂಖ್ಯೆ, ರೆಕ್ಕೆಯ ಅಂಚು, ಅಡಿಮೈಯ ಸಣ್ಣ ಚುಕ್ಕೆಗಳಲ್ಲಿ, ಚಿಟ್ಟೆಯ ನಿಜವಾದ ಬಳಗ ಗೊತ್ತಾಗುತ್ತದೆ. ಫೋಟೊ ನೋಡಿ ಹೆಸರು ಹೇಳುವ ಆ್ಯಪ್‌ಗಳೂ ಹೆಚ್ಚಾಗಿ ಒಟ್ಟು ನೋಟವನ್ನೇ ನೆಚ್ಚಿಕೊಂಡಿರುವುದರಿಂದ ಹಕ್ಕಿ ಎಡವುವ ಕಡೆ ಅವೂ ಎಡವಬಹುದು.

ಕೆಂಪು ಮೈಯ ರೋಸ್, ಕಪ್ಪು ಮೈಯ ಮಾರ್ಮನ್

ಈಗ ಕರಿಬೇವಿನ ಗಿಡಕ್ಕೆ ವಾಪಸ್ ಬರೋಣ. ಇಲ್ಲಿ ಗೊಂದಲ ಮಾಡುವುದು ಮೂರು ಚಿಟ್ಟೆ: ಕಾಮನ್ ರೋಸ್, ಕ್ರಿಮ್ಸನ್ ರೋಸ್, ಕಾಮನ್ ಮಾರ್ಮನ್. ಮೂರೂ ದೊಡ್ಡ ಕಪ್ಪು ಚಿಟ್ಟೆಗಳು. ಮೂರಕ್ಕೂ ಹಿಂದಿನ ರೆಕ್ಕೆಯಲ್ಲಿ ಬಾಲವಿದೆ.

ಮೊದಲ ಎರಡು ವಿಷದವು. ಇವುಗಳ ಮರಿಹುಳುಗಳು ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ಗಿಡಗಳ ಎಲೆ ತಿಂದು ವಿಷ ಕೂಡಿಡುತ್ತವೆ. ಎರಡನ್ನೂ ಬೇರೆ ಮಾಡುವುದು ಕಷ್ಟವಲ್ಲ. ಕಾಮನ್ ರೋಸ್‌ನ ಹಿಂದಿನ ರೆಕ್ಕೆಯ ನಡುವೆ ಬಿಳಿ ಮಚ್ಚೆ, ಅಂಚಿನಲ್ಲಿ ಮಾಸಲು ಕೆಂಪು ಗುರುತುಗಳು. ಕ್ರಿಮ್ಸನ್ ರೋಸ್‌ನ ಹಿಂದಿನ ರೆಕ್ಕೆಯಲ್ಲಿ ಬಿಳಿಯೇ ಇಲ್ಲ, ಕಡುಗೆಂಪು ಚುಕ್ಕೆಗಳ ಸಾಲು ಮಾತ್ರ. ಬಿಳಿ ಪಟ್ಟೆ ಇರುವುದು ಮುಂದಿನ ರೆಕ್ಕೆಯಲ್ಲಿ. ಮರಿಹುಳುಗಳಲ್ಲೂ ವ್ಯತ್ಯಾಸವಿದೆ. ಎರಡೂ ಕಡುಗೆಂಪಾಗಿ, ಮೈತುಂಬ ಮೆತ್ತನೆಯ ಮುಳ್ಳಿನಂಥವು ಇರುತ್ತವೆ. ಕಾಮನ್ ರೋಸ್‌ನ ಹುಳುವಿಗೆ ನಡುವಿನಲ್ಲಿ ಒಂದು ಬಿಳಿ ಪಟ್ಟಿ ಇರುತ್ತದೆ, ಇನ್ನೊಂದಕ್ಕೆ ಇಲ್ಲ.

ಕಾಮನ್ ಮಾರ್ಮನ್‌ಗೆ ವಿಷವಿಲ್ಲ. ನಿಂಬೆ, ಕರಿಬೇವು ತಿಂದು ಬೆಳೆಯುವ ಚಿಟ್ಟೆ ಅದು. ಇದರ ಗಂಡುಗಳದ್ದು ಒಂದೇ ರೂಪ. ಕಪ್ಪು ಮೈ, ಹಿಂದಿನ ರೆಕ್ಕೆಗೆ ಅಡ್ಡಲಾಗಿ ಬಿಳಿ ಮಚ್ಚೆಗಳ ಪಟ್ಟಿ. ಹೆಣ್ಣುಗಳಲ್ಲಿ ಮೂರು ರೂಪ. ಒಂದು ಗಂಡಿನ ಥರವೇ ಇರುತ್ತದೆ. ಇನ್ನೊಂದು ಕಾಮನ್ ರೋಸ್‌ನ ನಕಲು. ಮೂರನೆಯದು ಕ್ರಿಮ್ಸನ್ ರೋಸ್‌ನ ನಕಲು. ಒಂದೇ ತಾಯಿಯ ಮಕ್ಕಳಲ್ಲೂ ಅಕ್ಕ ಒಂದು ರೂಪ, ತಂಗಿ ಇನ್ನೊಂದು ರೂಪ ಆಗಿರಬಹುದು.

ಅಸಲು ಯಾವುದು, ನಕಲು ಯಾವುದು ಅಂತ ಹೇಳುವುದಕ್ಕೆ ಹೊಟ್ಟೆಯ ಬಣ್ಣ ನೋಡಿದರೆ ಸಾಕು. ರೋಸ್‌ಗಳ ತಲೆ ಮತ್ತು ಹೊಟ್ಟೆ ಕೆಂಪು. ಮಾರ್ಮನ್‌ನ ಮೈ ಪೂರ್ತಿ ಕಪ್ಪು. ರೆಕ್ಕೆಯ ಮೇಲಿನ ಒಂದೊಂದು ಕೆಂಪು ಚುಕ್ಕೆಯನ್ನೂ ನಕಲು ಮಾಡಿರುವ ಈ ಹೆಣ್ಣು ಹೊಟ್ಟೆಗೆ ಮಾತ್ರ ಕೆಂಪು ಬಳಿದುಕೊಂಡಿಲ್ಲ. ಹೂವಿನ ಮೇಲೆ ಕೂತಾಗ ಬದಿಯಿಂದ ನೋಡಿ. ರೋಸ್ ಆಗಿದ್ದರೆ ರೆಕ್ಕೆಗಳ ನಡುವಿನಿಂದ ಕೆಂಪು ಹೊಟ್ಟೆ ಎದ್ದು ಕಾಣುತ್ತದೆ. ಕೈತೋಟದ ಎಲ್ಲ ಜೋಡಿಗಳಲ್ಲಿ ನನ್ನ ಪ್ರಕಾರ ಇಷ್ಟು ಸಲೀಸಾದ ಗುರುತು ಇನ್ನೊಂದಿಲ್ಲ. ಹೊಸಬರು ಇದರಿಂದಲೇ ಶುರು ಮಾಡುವುದು ಒಳ್ಳೆಯದು.

ಹಾರಾಟದಲ್ಲೂ ಒಂದು ಸುಳಿವಿದೆ. ರೋಸ್‌ಗಳಿಗೆ ಅವಸರವಿಲ್ಲ, ನಿಧಾನಕ್ಕೆ ಹಾರುತ್ತವೆ. ನಕಲಿ ಹೆಣ್ಣೂ ಹಾಗೇ ನಿಧಾನಕ್ಕೆ ಹಾರುತ್ತದೆ. ಆದರೆ ಹೆದರಿಸಿದರೆ ವೇಷ ಮರೆತು ರಭಸದಿಂದ ಓಡಿಹೋಗುತ್ತದೆ.

ಹೆಣ್ಣಿಗೆ ಮಾತ್ರ ವೇಷ ಯಾಕೆ? ಹೊಟ್ಟೆ ತುಂಬ ಮೊಟ್ಟೆ ಹೊತ್ತ ಹೆಣ್ಣು ಭಾರ. ಸರಿಯಾದ ಎಲೆ ಹುಡುಕುತ್ತಾ ಗಿಡದಿಂದ ಗಿಡಕ್ಕೆ ನಿಧಾನವಾಗಿ ಸುತ್ತಬೇಕು. ಹಕ್ಕಿಗೆ ಸಿಗುವ ಅಪಾಯ ಅದಕ್ಕೇ ಜಾಸ್ತಿ. ವಿಜ್ಞಾನಿಗಳು ಕೊಡುವ ಮುಖ್ಯ ವಿವರಣೆ ಇದು. ಇನ್ನು ಒಂದೇ ಜಾತಿಯಲ್ಲಿ ಇಷ್ಟು ಬೇರೆ ಬೇರೆ ರೂಪ ಹೇಗೆ ಸಾಧ್ಯ ಎಂಬ ಪ್ರಶ್ನೆಗೆ 2014ರಲ್ಲಿ ಉತ್ತರ ಸಿಕ್ಕಿತು. ಬೆಂಗಳೂರಿನ ಎನ್‌ಸಿಬಿಎಸ್ ಸಂಸ್ಥೆಯ ಕೃಷ್ಣಮೇಘ ಕುಂಟೆ ಮತ್ತು ಅಮೆರಿಕದ ಅವರ ಸಹೋದ್ಯೋಗಿಗಳು ‘ನೇಚರ್’ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ಇದನ್ನೆಲ್ಲ ನಿರ್ಧರಿಸುತ್ತದೆ. ಕೀಟಗಳಲ್ಲಿ ಗಂಡು ಹೆಣ್ಣಿನ ಮೈಯ ವ್ಯತ್ಯಾಸಗಳನ್ನು ರೂಪಿಸುವ ಜೀನ್ ಅದು. ಮಾರ್ಮನ್‌ನಲ್ಲಿ ಅದೇ ಜೀನ್ ಹೆಣ್ಣಿನ ರೆಕ್ಕೆಯ ವಿನ್ಯಾಸವನ್ನೂ ತೀರ್ಮಾನಿಸುತ್ತದೆ. ಗಂಡಿನಲ್ಲೂ ನಕಲಿ ರೂಪದ ಜೀನ್ ಇರಬಹುದು. ರೆಕ್ಕೆಯ ಮೇಲೆ ಅದು ಕಾಣಿಸಿಕೊಳ್ಳುವುದಿಲ್ಲ, ಮಗಳಲ್ಲಿ ಕಾಣಿಸಿಕೊಳ್ಳುತ್ತದೆ.

ಕಿತ್ತಳೆ ಬಣ್ಣದ ಜೋಡಿ

ಬಿಸಿಲು ಬಿದ್ದ ಬಯಲಿನಲ್ಲಿ ಎಲ್ಲರ ಕಣ್ಣಿಗೂ ಬೀಳುವ ಚಿಟ್ಟೆ ಪ್ಲೇನ್ ಟೈಗರ್. ಕಿತ್ತಳೆ ಮಿಶ್ರಿತ ಕಂದು ರೆಕ್ಕೆ, ಮುಂದಿನ ರೆಕ್ಕೆಯ ತುದಿ ಕಪ್ಪು, ಆ ಕಪ್ಪಿನ ಮೇಲೆ ಬಿಳಿ ಪಟ್ಟಿ. ಇದನ್ನು ನಕಲು ಮಾಡುವುದು ಡನೈಡ್ ಎಗ್‌ಫ್ಲೈ ಚಿಟ್ಟೆಯ ಹೆಣ್ಣು. ಹೂವಿನ ಮೇಲೆ ಅಕ್ಕಪಕ್ಕ ಕೂತರೂ ಮೊದಲ ನೋಟಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಇಲ್ಲಿ ಕಾಲು ಎಣಿಸಿ ಪ್ರಯೋಜನವಿಲ್ಲ. ಎರಡೂ ನಾಲ್ಕು ಕಾಲಿನ ಕುಟುಂಬದವೇ. ಹಿಂದಿನ ರೆಕ್ಕೆ ನೋಡಬೇಕು. ಪ್ಲೇನ್ ಟೈಗರ್‌ನ ಹಿಂದಿನ ರೆಕ್ಕೆಯ ನಡುವೆ ಮೂರು ಕಪ್ಪು ಚುಕ್ಕೆಗಳಿವೆ. ಗಂಡಾದರೆ ಅವುಗಳ ಜೊತೆ ನಾಲ್ಕನೆಯದೊಂದು, ಸ್ವಲ್ಪ ದೊಡ್ಡದು, ನಡುವೆ ಬಿಳಿ ಇರುವುದು. ಹೆಣ್ಣನ್ನು ಒಲಿಸಿಕೊಳ್ಳಲು ವಾಸನೆ ಸೂಸುವ ಪುಟ್ಟ ಚೀಲ ಅದು. ಎಗ್‌ಫ್ಲೈ ಹೆಣ್ಣಿಗೆ ಇರುವುದು ಒಂದೇ ಕಪ್ಪು ಮಚ್ಚೆ, ಅದೂ ರೆಕ್ಕೆಯ ಮೇಲಂಚಿಗೆ ಹತ್ತಿರ. ಆಮೇಲೆ ಅಂಚು ನೋಡಿ. ಟೈಗರ್‌ನ ಹಿಂದಿನ ರೆಕ್ಕೆಯ ಅಂಚು ನುಣ್ಣಗೆ ದುಂಡಗಿದೆ. ಎಗ್‌ಫ್ಲೈಯದು ಅಲೆ ಅಲೆಯಾಗಿದೆ. ಇನ್ನೂ ಹತ್ತಿರ ಹೋಗಲು ಬಿಟ್ಟರೆ ಟೈಗರ್‌ನ ಕಪ್ಪು ತಲೆ ಮತ್ತು ಎದೆಯ ಮೇಲೆ ಚಿಮುಕಿಸಿದಂತಿರುವ ಬಿಳಿ ಚುಕ್ಕೆಗಳೂ ಕಾಣುತ್ತವೆ.

ಟೈಗರ್‌ಗಳು ಹತ್ತಿರ ಹೋಗಲು ಬಿಡುತ್ತವೆ ಅನ್ನುವುದೂ ಒಂದು ಗುರುತೇ. ವಿಷವಿರುವ ಚಿಟ್ಟೆಗೆ ಓಡಿಹೋಗುವ ಅಗತ್ಯ ಕಡಿಮೆ. ಚರ್ಮದಷ್ಟು ಗಟ್ಟಿಯಾದ ಮೈ ಅದರದ್ದು. ಹಕ್ಕಿ ಒಮ್ಮೆ ಕುಕ್ಕಿ ಬಿಟ್ಟರೂ ಬದುಕಿಕೊಳ್ಳುತ್ತದೆ. ಹಾಗಾಗಿ ರೆಕ್ಕೆಯ ಮೇಲೆ ಕೊಕ್ಕಿನ ಗುರುತು ಹೊತ್ತ ಟೈಗರ್‌ಗಳು ಕಣ್ಣಿಗೆ ಬೀಳುವುದುಂಟು.

ಎಗ್‌ಫ್ಲೈ ಗಂಡು ನೋಡಿದರೆ ಇದೇ ಜಾತಿಯದ್ದು ಅಂತ ನಂಬುವುದಕ್ಕೇ ಆಗುವುದಿಲ್ಲ. ಮಖಮಲ್ಲಿನ ಕಪ್ಪು ಬಣ್ಣ, ರೆಕ್ಕೆಗಳ ಮೇಲೆ ನೇರಳೆ ಅಂಚಿನ ಬಿಳಿ ಮಚ್ಚೆಗಳ ಮೂರು ಜೋಡಿ. ಇದಕ್ಕೆ ಗ್ರೇಟ್ ಎಗ್‌ಫ್ಲೈ ಎಂಬ ಹತ್ತಿರದ ಸಂಬಂಧಿಯ ಗಂಡಿನ ಜೊತೆ ಮತ್ತೆ ಗೊಂದಲ. ರೆಕ್ಕೆ ಮಡಚುವವರೆಗೆ ಕಾಯಿರಿ. ಡನೈಡ್ ಎಗ್‌ಫ್ಲೈಯ ಅಡಿಮೈ ಇಟ್ಟಿಗೆಗೆಂಪು ಕಂದು, ಅದರಲ್ಲಿ ಅಗಲವಾದ ಬಿಳಿ ಪಟ್ಟಿ. ಗ್ರೇಟ್ ಎಗ್‌ಫ್ಲೈಯದು ಕಡುಕಂದು.

ಗಿಡಗಳು ಇಲ್ಲೂ ನೆರವಿಗೆ ಬರುತ್ತವೆ. ಎಕ್ಕದ ಎಲೆಗೆ ಮೊಟ್ಟೆ ಇಡುತ್ತಿದ್ದರೆ ಅದು ಪ್ಲೇನ್ ಟೈಗರ್. ನೆಲಕ್ಕೆ ಹಬ್ಬಿದ ಗೋಣಿಸೊಪ್ಪಿನ ಹತ್ತಿರ ಸುಳಿದಾಡುತ್ತಾ ಮೊಟ್ಟೆ ಇಡುತ್ತಿದ್ದರೆ ಎಗ್‌ಫ್ಲೈ.

ಕಿತ್ತಳೆ ರೆಕ್ಕೆಯ ನರಗಳೆಲ್ಲ ದಪ್ಪ ಕಪ್ಪು ಗೆರೆಯಾಗಿ ಕಂಡರೆ ಅದು ಸ್ಟ್ರೈಪ್ಡ್ ಟೈಗರ್, ಪ್ಲೇನ್ ಟೈಗರ್‌ನ ಸೋದರ ಜಾತಿ. ಅದಕ್ಕೂ ವಿಷವಿದೆ.

ಕಾಲು ಎಣಿಸಿ

ನಾಲ್ಕು ಕಾಲು, ಆರು ಕಾಲಿನ ಲೆಕ್ಕ ಬೇಕಾಗುವುದು ಇಲ್ಲಿ.

ಕಾಮನ್ ಕ್ರೋ ನಿಮಗೆ ಗೊತ್ತಿರುವ ಚಿಟ್ಟೆಯೇ. ಹೊಳಪಿನ ಕಡುಕಂದು ರೆಕ್ಕೆ, ಅಂಚಿನಲ್ಲಿ ಬಿಳಿ ಚುಕ್ಕೆಗಳ ಸಾಲು. ಕಣಗಿಲೆ ಇದ್ದರೆ ಅದರ ಎಲೆಯ ಅಡಿಯಲ್ಲಿ ನೇತಾಡುವ ಇದರ ಗೂಡೂ ಸಿಗಬಹುದು. ಲೋಹದಂತೆ ಥಳಥಳ ಹೊಳೆಯುವ ಗೂಡದು, ಹತ್ತಿರ ಹೋದರೆ ನಿಮ್ಮ ಬೆರಳಿನ ನೆರಳು ಅದರಲ್ಲಿ ಕಾಣುತ್ತದೆ. ಬ್ಲೂ ಟೈಗರ್ ಇನ್ನೊಂದು. ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿ ಗೆರೆ, ಚುಕ್ಕೆ. ಮಳೆಗಾಲದ ಆಸುಪಾಸಿನಲ್ಲಿ ಗುಂಪು ಗುಂಪಾಗಿ ದೂರ ವಲಸೆ ಹೋಗುವ ಚಿಟ್ಟೆ ಇದು. ಎರಡೂ ಹಕ್ಕಿಗಳಿಗೆ ಬೇಡವಾದವು, ಎರಡೂ ನಾಲ್ಕು ಕಾಲಿನವು.

ಈ ಎರಡನ್ನೂ ಒಂದೇ ಚಿಟ್ಟೆ ನಕಲು ಮಾಡುತ್ತದೆ. ಅದು ಕಾಮನ್ ಮೈಮ್. ಇದರಲ್ಲಿ ಎರಡು ರೂಪ. ಒಂದು ಕ್ರೋ ಥರ, ಇನ್ನೊಂದು ಬ್ಲೂ ಟೈಗರ್ ಥರ. ಮಾರ್ಮನ್‌ನ ಹಾಗಲ್ಲ, ಇಲ್ಲಿ ಗಂಡು ಹೆಣ್ಣು ಎರಡಕ್ಕೂ ವೇಷವಿದೆ. ಆದರೆ ಮೈಮ್ ಸೇರಿರುವುದು ನಿಂಬೆ ಚಿಟ್ಟೆ ಮತ್ತು ಮಾರ್ಮನ್‌ಗಳ ಕುಟುಂಬಕ್ಕೆ. ಆ ಕುಟುಂಬದ ಚಿಟ್ಟೆಗಳಿಗೆ ಆರೂ ಕಾಲು ಸರಿಯಾಗಿ ಬೆಳೆದಿರುತ್ತವೆ. ಬದಿಯಿಂದ ತೆಗೆದ ಒಂದು ಸ್ಪಷ್ಟ ಫೋಟೊದಲ್ಲಿ ಕಾಲು ಎಣಿಸಿದರೆ ವಿಷಯ ಮುಗಿಯಿತು. ಕಾಲು ಕಾಣದಿದ್ದರೆ ಹಿಂದಿನ ರೆಕ್ಕೆಯ ಅಡಿಮೈಯ ಅಂಚು ನೋಡಿ. ಮೈಮ್‌ಗೆ ಅಲ್ಲಿ ಹಳದಿ ಚುಕ್ಕೆಗಳ ಸಾಲಿದೆ. ಕ್ರೋಗೂ ಇಲ್ಲ, ಬ್ಲೂ ಟೈಗರ್‌ಗೂ ಇಲ್ಲ. ಮೈಮ್‌ನ ಗೂಡೂ ನಕಲೇ. ಮುರಿದ ಒಣ ಕಡ್ಡಿಯ ತುಂಡಿನಂತೆ ಇರುವುದರಿಂದ ಪಕ್ಕದಲ್ಲೇ ಇದ್ದರೂ ಕಣ್ಣಿಗೆ ಬೀಳುವುದಿಲ್ಲ.

ಬ್ಲೂ ಟೈಗರ್‌ನಂತೆ ಕಾಣುವ ಇನ್ನೊಂದು ಚಿಟ್ಟೆ ಕಾಮನ್ ವಾಂಡರರ್‌ನ ಹೆಣ್ಣು. ಅದು ಹಳದಿ, ಬಿಳಿ ಚಿಟ್ಟೆಗಳ ಕುಟುಂಬದ್ದು. ಅದಕ್ಕೂ ಆರು ಕಾಲು. ಟೈಗರ್‌ಗಳ ಎದೆಯ ಮೇಲಿರುವ ಬಿಳಿ ಚುಕ್ಕೆಗಳೂ ಇದಕ್ಕಿಲ್ಲ.

ಗ್ರೇಟ್ ಎಗ್‌ಫ್ಲೈಯ ಹೆಣ್ಣು ಕ್ರೋವನ್ನು ನಕಲು ಮಾಡುತ್ತದೆ. ಅದಕ್ಕೆ ನಾಲ್ಕೇ ಕಾಲು, ಹಾಗಾಗಿ ಮತ್ತೆ ಅಂಚಿನ ಮೊರೆ ಹೋಗಬೇಕು. ಕ್ರೋನ ರೆಕ್ಕೆಯ ಅಂಚು ದುಂಡಗೆ, ಎಗ್‌ಫ್ಲೈಯದು ಅಲೆ ಅಲೆಯಾಗಿ.

ಮರಿಹುಳು ಸಿಕ್ಕರೆ ಇನ್ನೂ ಸುಲಭ. ಟೈಗರ್, ಕ್ರೋಗಳ ಹುಳುಗಳ ಬೆನ್ನ ಮೇಲೆ ಜೋಡಿ ಜೋಡಿಯಾಗಿ ಮೆತ್ತನೆಯ ಕಪ್ಪು ಎಳೆಗಳು ನಿಂತಿರುತ್ತವೆ. ಬ್ಲೂ ಟೈಗರ್‌ಗೆ ಎರಡು ಜೋಡಿ, ಪ್ಲೇನ್ ಟೈಗರ್‌ಗೆ ಮೂರು, ಕ್ರೋಗೆ ನಾಲ್ಕು.

ಹಳದಿ ಚಿಟ್ಟೆಗಳ ಕಥೆ ಬೇರೆ

ಇಲ್ಲಿಯವರೆಗಿನವು ಹೆಚ್ಚಾಗಿ ವೇಷಧಾರಿಗಳು. ಹಳದಿ ಚಿಟ್ಟೆಗಳಲ್ಲಿ ಹೋಲಿಕೆ ಬಂದಿದ್ದು ರಕ್ತಸಂಬಂಧದಿಂದ. ಒಂದೇ ಮೂಲದಿಂದ ಬಂದ ಹತ್ತಿರದ ಜಾತಿಗಳು ಅವು. ಮೈ, ಕಾಲು, ಹಾರಾಟ ಎಲ್ಲವೂ ಒಂದೇ ಥರ ಇರುವುದರಿಂದ ಹಿಂದಿನ ಉಪಾಯಗಳು ಇಲ್ಲಿ ನಡೆಯುವುದಿಲ್ಲ. ಸಣ್ಣ ವಿವರಗಳಿಗೇ ಹೋಗಬೇಕು.

ಎಮಿಗ್ರಂಟ್‌ಗಳನ್ನು ತೆಗೆದುಕೊಳ್ಳಿ. ವೇಗವಾಗಿ ಹಾರುವ, ತಿಳಿಹಳದಿ ಅಥವಾ ಹಸಿರು ಛಾಯೆಯ ಬಿಳಿ ಚಿಟ್ಟೆಗಳು. ಕಕ್ಕೆ ಮರ ಮತ್ತು ಅದರ ಸಂಬಂಧಿ ಗಿಡಗಳ ಸುತ್ತ ಇರುತ್ತವೆ. ಮಾಟಲ್ಡ್ ಎಮಿಗ್ರಂಟ್‌ನ ಅಡಿಮೈ ತುಂಬ ಸಣ್ಣ ಸಣ್ಣ ಕಂದು ಗೀರುಗಳು. ಕಾಮನ್ ಎಮಿಗ್ರಂಟ್‌ಗೆ ಆ ಗೀರುಗಳಿಲ್ಲ. ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ಕಾಮನ್ ಎಮಿಗ್ರಂಟ್ ಒಳಗೇ ಎರಡು ರೂಪಗಳಿವೆ. ಒಂದರ ಮೀಸೆ ಕಪ್ಪು, ಅಡಿಮೈ ಖಾಲಿ. ಇನ್ನೊಂದರ ಮೀಸೆ ಕೆಂಪು ಛಾಯೆಯದ್ದು, ಅಡಿಮೈಯಲ್ಲಿ ಕೆಂಪು ಸುತ್ತಿರುವ ಬೆಳ್ಳಿ ಚುಕ್ಕೆಗಳು. ಮಾಟಲ್ಡ್‌ನ ಮೀಸೆಯೂ ಕೆಂಪು ಛಾಯೆಯದ್ದೇ. ಹಾಗಾಗಿ ಕಪ್ಪು ಮೀಸೆ ಕಂಡರೆ ಕಾಮನ್ ಅಂತ ಹೇಳಬಹುದು. ಕೆಂಪು ಮೀಸೆ ಕಂಡರೆ ಅಡಿಮೈಯ ಗೀರು ನೋಡದೆ ತೀರ್ಮಾನಿಸಬಾರದು.

ಹುಲ್ಲಿನ ಮಟ್ಟದಲ್ಲಿ ಹಾರುವ ಪುಟ್ಟ ಹಳದಿ ಚಿಟ್ಟೆಗಳು ಗ್ರಾಸ್ ಯೆಲ್ಲೋ. ಇವುಗಳಲ್ಲಿ ನೋಡಬೇಕಾದ ಜಾಗ ಒಂದೇ: ಮುಂದಿನ ರೆಕ್ಕೆಯ ಅಡಿಮೈಯಲ್ಲಿರುವ ಸೆಲ್. ರೆಕ್ಕೆ ಮೈಗೆ ಸೇರುವ ಕಡೆಯಿಂದ ಹೊರಟು, ನರಗಳು ಸುತ್ತುವರಿದಿರುವ ಉದ್ದನೆಯ ಖಾನೆಗೆ ಸೆಲ್ ಎನ್ನುತ್ತಾರೆ. ಅದರೊಳಗೆ ಎರಡು ಕಂದು ಗುರುತಿದ್ದರೆ ಕಾಮನ್ ಗ್ರಾಸ್ ಯೆಲ್ಲೋ, ಮೂರಿದ್ದರೆ ಥ್ರೀ ಸ್ಪಾಟ್, ಒಂದಿದ್ದರೆ ಒನ್ ಸ್ಪಾಟ್. ಏನೂ ಇಲ್ಲದಿದ್ದರೆ ಸ್ಪಾಟ್‌ಲೆಸ್ ಅಥವಾ ಸ್ಮಾಲ್ ಗ್ರಾಸ್ ಯೆಲ್ಲೋ. ಈ ಚಿಟ್ಟೆಗಳು ರೆಕ್ಕೆ ಮಡಚಿಯೇ ಕೂರುವುದರಿಂದ ಫೋಟೊ ಸಿಗುವುದು ಕಷ್ಟವಲ್ಲ. ಮುಂದಿನ ರೆಕ್ಕೆ ಹಿಂದಿನದರ ಮರೆಗೆ ಸರಿದಿರುತ್ತದೆ, ಅದೊಂದೇ ತೊಂದರೆ. ಹೂವಿಗೆ ಬಂದು ಕೂತ ಕ್ಷಣದಲ್ಲಿ ರೆಕ್ಕೆ ಸ್ವಲ್ಪ ಮೇಲೆದ್ದಿರುತ್ತದೆ, ಆಗಲೇ ಒಂದು ಫೋಟೊ ತೆಗೆದುಕೊಳ್ಳಿ.

ಒಂದೇ ಜಾತಿ, ಋತುವಿಗೊಂದು ಉಡುಪು

ಎರಡು ಚಿಟ್ಟೆ ಬೇರೆ ಬೇರೆ ಕಂಡವು ಅಂದ ಮಾತ್ರಕ್ಕೆ ಜಾತಿಯೂ ಬೇರೆ ಅಂತಲ್ಲ. ಸಂಜೆ ಹೊತ್ತಿಗೆ ಮನೆಯ ದೀಪಕ್ಕೆ ಬರುವ ಕಾಮನ್ ಈವ್ನಿಂಗ್ ಬ್ರೌನ್ ಇದಕ್ಕೆ ಒಳ್ಳೆಯ ಉದಾಹರಣೆ. ಮಳೆಗಾಲದಲ್ಲಿ ಹುಟ್ಟಿದ್ದರ ಅಡಿಮೈಯಲ್ಲಿ ಸಾಲಾಗಿ ಕಣ್ಣಿನಂಥ ಚುಕ್ಕೆಗಳು. ಬೇಸಿಗೆಯಲ್ಲಿ ಹುಟ್ಟಿದ್ದರಲ್ಲಿ ಅವು ಮಾಸಿಹೋಗಿ, ಚಿಟ್ಟೆ ಪೂರ್ತಿ ತರಗೆಲೆಯೇ ಆಗಿಬಿಡುತ್ತದೆ. ಒಣಗಿದ ಎಲೆಗಳ ನಡುವೆ ಅಡಗಿ ಕೂರಬೇಕಾದ ಕಾಲದಲ್ಲಿ ತರಗೆಲೆಯ ಬಣ್ಣವೇ ಕ್ಷೇಮ. ಹಸಿರು ತುಂಬಿದ ಕಾಲದಲ್ಲಿ ರೆಕ್ಕೆಯ ಅಂಚಿ­ನ ಕಣ್ಣುಚುಕ್ಕೆ ಉಪಯೋಗಕ್ಕೆ ಬರುತ್ತದೆ. ಹಕ್ಕಿ ಅದಕ್ಕೇ ಕುಕ್ಕಿದರೆ ರೆಕ್ಕೆಯ ಚೂರು ಹೋದರೂ ತಲೆ ಉಳಿಯುತ್ತದೆ. ಎರಡೂ ರೂಪ ಒಂದರ ಪಕ್ಕ ಒಂದು ಇಟ್ಟರೆ ಒಂದೇ ಜಾತಿ ಅಂತ ಒಪ್ಪುವುದು ಕಷ್ಟ. ಅದಕ್ಕೆ ನೋಡಿದ ತಿಂಗಳನ್ನೂ ಬರೆದಿಡಬೇಕು.

ವಯಸ್ಸೂ ಮೋಸ ಮಾಡುತ್ತದೆ. ಹುರುಪೆ ಉದುರಿ ಮಾಸಿದ ಚಿಟ್ಟೆಯಲ್ಲಿ ಇರಬೇಕಾದ ಚುಕ್ಕೆ ಇರುವುದಿಲ್ಲ. ಬಾಲ ಮುರಿದ ಮಾರ್ಮನ್ ಬಾಲವಿಲ್ಲದ ಬೇರೆ ಯಾವುದೋ ಚಿಟ್ಟೆಯಂತೆ ಕಾಣುತ್ತದೆ.

ಯಾವ ಫೋಟೊ ಬೇಕು, ಎಲ್ಲಿ ನಿಲ್ಲಬೇಕು

ಒಂದೇ ಫೋಟೊ ನಂಬಿಕೊಂಡರೆ ಆಗುವುದಿಲ್ಲ. ಸಾಧ್ಯವಾದರೆ ಮೂರು ಬೇಕು: ರೆಕ್ಕೆ ಬಿಚ್ಚಿದ್ದು, ಮಡಚಿದ್ದು, ಬದಿಯಿಂದ ಮೈ ಮತ್ತು ಕಾಲು ಕಾಣುವಂಥದ್ದು. ಬೆಳಗ್ಗೆ ಬಿಸಿಲು ಏರುವ ಮುಂಚೆ ಹೋದರೆ ಚಿಟ್ಟೆಗಳು ಮೈ ಕಾಯಿಸಿಕೊಳ್ಳಲು ರೆಕ್ಕೆ ಹರಡಿ ಕೂತಿರುತ್ತವೆ. ಹಾರುವ ಶಕ್ತಿ ಇನ್ನೂ ಬಂದಿರುವುದಿಲ್ಲ, ತಾಳ್ಮೆಯಿಂದ ಹತ್ತಿರ ಹೋಗಬಹುದು. ನಿಮ್ಮ ನೆರಳು ಅದರ ಮೇಲೆ ಬೀಳದಂತೆ ನೋಡಿಕೊಳ್ಳಿ. ಹಿಡಿಯುವುದು ಬೇಡ. ಮೊಟ್ಟೆ ಇಡುತ್ತಿದ್ದರೆ ಆ ಗಿಡದ್ದೂ ಒಂದು ಫೋಟೊ ತೆಗೆಯಿರಿ.

ಆ್ಯಪ್ ಹೆಸರು ಹೇಳಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಹೋಲುವ ಇನ್ನೊಂದು ಚಿಟ್ಟೆ ಇದೆಯಾ? ಇದ್ದರೆ ಅವೆರಡನ್ನೂ ಬೇರೆ ಮಾಡುವ ಗುರುತು ನಿಮ್ಮ ಫೋಟೊದಲ್ಲಿ ಕಾಣುತ್ತಿದೆಯಾ? ಕಾಣದಿದ್ದರೆ ಪೂರ್ತಿ ಹೆಸರು ಬರೆಯುವುದಕ್ಕಿಂತ ಗುಂಪಿನ ಹೆಸರು ಬರೆದು ನಿಲ್ಲಿಸುವುದು ಮೇಲು. ‘ಎಮಿಗ್ರಂಟ್’, ‘ಗ್ರಾಸ್ ಯೆಲ್ಲೋ’ ಅಂತಷ್ಟೇ ಬರೆದ ದಾಖಲೆಯೂ ಸರಿಯಾದ ದಾಖಲೆಯೇ. ಮುಂದೆ ಯಾರಾದರೂ ಗೊತ್ತಿರುವವರು ಅದನ್ನು ಪೂರ್ತಿ ಮಾಡಬಹುದು.

ಕೆಲವು ಚಿಟ್ಟೆಗಳಲ್ಲಿ ತಜ್ಞರೂ ಹೀಗೇ ನಿಲ್ಲಿಸುತ್ತಾರೆ. ಹುಲ್ಲಿನ ಮೇಲೆ ಚಕ್ಕನೆ ಜಿಗಿದು ಕೂರುವ, ಮೀಸೆಯ ತುದಿ ಕೊಕ್ಕೆಯಂತೆ ಬಾಗಿರುವ ಕಂದು ಚಿಟ್ಟೆಗಳನ್ನು ನೋಡಿರುತ್ತೀರಿ. ಅವುಗಳಲ್ಲಿ ಸ್ವಿಫ್ಟ್ ಎಂಬ ಗುಂಪಿದೆ. ಆ ಗುಂಪಿನ ಕೆಲವು ಜಾತಿಗಳನ್ನು ಖಚಿತವಾಗಿ ಬೇರೆ ಮಾಡಬೇಕಾದರೆ ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ತೋಟದಲ್ಲಿ ತೆಗೆದ ಫೋಟೊಗೆ ‘ಸ್ವಿಫ್ಟ್’ ಎಂಬ ಹೆಸರು ಸಾಕು.